ಎಣ್ಣೆಯ ಆಯಸ್ಸು ತಳಿಯಲ್ಲಿದೆ

ಜಿನೀವಾದ ವಿಜ್ಞಾನಿ ನಿಕೊಲಾ ತಿಯೊಡೋರ್ ದ ಸೊಸ್ಯೂರ್ 1820ರ ಸುಮಾರಿಗೆ ಒಂದು ತಾಳ್ಮೆಯ ಪ್ರಯೋಗ ಮಾಡಿದರು. ನೀರಿನ ಮೇಲೆ ಅಕ್ರೋಟಿನ ಎಣ್ಣೆಯನ್ನು ತೆಳ್ಳಗೆ ಹರಡಿ, ಅದು ಎಷ್ಟು ಗಾಳಿಯನ್ನು ಹೀರಿಕೊಳ್ಳುತ್ತದೆ ಎಂದು ಪಾದರಸದ ಮಾಪಕದಲ್ಲಿ ನೋಡುತ್ತ ಹೋದರು. ಮೊದಲ ಎಂಟು ತಿಂಗಳಲ್ಲಿ ಅದು ಹೀರಿದ್ದು ತನ್ನ ಗಾತ್ರದ ಮೂರು ಪಟ್ಟು ಮಾತ್ರ. ಆಮೇಲಿನ ಹತ್ತೇ ದಿನಗಳಲ್ಲಿ ಅರವತ್ತು ಪಟ್ಟು ಹೀರಿತು. ಮುಂದಿನ ಮೂರು ತಿಂಗಳು ವೇಗ ತಗ್ಗುತ್ತ ಬಂದು ಒಟ್ಟು ಲೆಕ್ಕ 145 ಪಟ್ಟಿಗೆ ಮುಟ್ಟಿತು. ಅಷ್ಟು ಹೊತ್ತಿಗೆ ಎಣ್ಣೆ ಮಂದವಾಗಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ ಬರುತ್ತಿತ್ತು.

ಇನ್ನೂರು ವರ್ಷಗಳ ಮೇಲೂ ನಮ್ಮ ಅಡುಗೆಮನೆಯ ಎಣ್ಣೆ ಕೆಡುವುದು ಇದೇ ಲಯದಲ್ಲಿ. ಬಹಳ ದಿನ ಏನೂ ಆಗುವುದಿಲ್ಲ. ಆಮೇಲೆ ವಾರ ಹತ್ತು ದಿನಗಳಲ್ಲಿ ಎಲ್ಲ ಆಗಿಹೋಗುತ್ತದೆ. ‘ಮೊನ್ನೆ ಮೊನ್ನೆವರೆಗೂ ಚೆನ್ನಾಗಿತ್ತಲ್ಲ, ಇವತ್ತು ನೋಡಿದರೆ ಕಮಟು ವಾಸನೆ’ ಎಂದು ಮನೆಯವರು ಹೇಳುವುದರಲ್ಲಿ ಉತ್ಪ್ರೇಕ್ಷೆ ಏನೂ ಇರುವುದಿಲ್ಲ. ಆದರೆ ಆ ಮೌನದ ಅವಧಿ ಒಂದು ಎಣ್ಣೆಗೆ ಎರಡು ತಿಂಗಳು, ಇನ್ನೊಂದಕ್ಕೆ ವರ್ಷ ಏಕೆ? ಎರಡೂ ಕಡಲೆಕಾಯಿ ಎಣ್ಣೆಯೇ ಆಗಿದ್ದು, ಒಂದೇ ಗಾಣದಲ್ಲಿ ಹಿಂಡಿ, ಒಂದೇ ಕಪಾಟಿನಲ್ಲಿ ಇಟ್ಟಿದ್ದರೂ ಹೀಗಾಗಬಹುದು. ನಾವು ಗಾಣವನ್ನು ಹೊಗಳುತ್ತೇವೆ, ಬಾಟಲಿಯನ್ನು ದೂರುತ್ತೇವೆ. ಉತ್ತರದ ದೊಡ್ಡ ಪಾಲು ಹೊಲದಲ್ಲಿ ಬಿತ್ತಿದ ತಳಿಯಲ್ಲಿದೆ. ಕೊಳ್ಳುವವರಿಗೆ ಯಾರೂ ಹೇಳದ ಸಂಗತಿಯೂ ಅದೇ ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಯಾವುದೇ ಎಣ್ಣೆಯ ಅಣುವಿನಲ್ಲಿ ಗ್ಲಿಸರಾಲ್ ಎಂಬ ಪುಟ್ಟ ಆಧಾರಕ್ಕೆ ಮೂರು ಉದ್ದನೆಯ ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಕಡಲೆಕಾಯಿ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಜಾಗ ಹಿಡಿಯುವವು ಎರಡೇ ಕೊಬ್ಬಿನಾಮ್ಲಗಳು: ಓಲಿಕ್ ಮತ್ತು ಲಿನೋಲಿಕ್. ಎರಡರಲ್ಲೂ ಇಂಗಾಲದ ಪರಮಾಣುಗಳು ಹದಿನೆಂಟೇ. ಓಲಿಕ್‌ನಲ್ಲಿ ಒಂದು ಜೋಡಿಬಂಧ, ಲಿನೋಲಿಕ್‌ನಲ್ಲಿ ಎರಡು. ಆ ಎರಡು ಜೋಡಿಬಂಧಗಳ ನಡುವೆ ಸಿಕ್ಕಿಕೊಂಡ ಒಂದು ಇಂಗಾಲವಿದೆ. ಅದರ ಮೇಲಿನ ಜಲಜನಕದ ಹಿಡಿತ ಬಹಳ ಸಡಿಲ. ಎಣ್ಣೆ ಕೆಡುವ ಕಥೆಯೆಲ್ಲ ಶುರುವಾಗುವುದು ಆ ಸಡಿಲ ಜಲಜನಕ ಕಿತ್ತುಹೋಗುವುದರಿಂದ.

ಬೆಳಕು, ಬಿಸಿ ಅಥವಾ ಲೋಹದ ಒಂದು ಕಣ ಎಲ್ಲೋ ಒಂದು ಅಣುವಿನಿಂದ ಜಲಜನಕವನ್ನು ಕಿತ್ತರೆ ಸಾಕು, ಖಾಲಿಯಾದ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಕೂರುತ್ತದೆ. ಹಾಗೆ ಆಮ್ಲಜನಕ ಹೊತ್ತ ಅಣು ಪಕ್ಕದ ಅಣುವಿನ ಜಲಜನಕವನ್ನು ಕಿತ್ತು ತಾನು ಹೈಡ್ರೋಪೆರಾಕ್ಸೈಡ್ ಆಗುತ್ತದೆ. ಜಲಜನಕ ಕಳೆದುಕೊಂಡ ಆ ಪಕ್ಕದ ಅಣು ತನ್ನ ಪಕ್ಕದ್ದರ ಮೇಲೆ ಎರಗುತ್ತದೆ. ಹುಲ್ಲಿನ ಬಣವೆಗೆ ಬಿದ್ದ ಕಿಡಿಯ ಹಾಗೆ ಇದು ಒಳಗೊಳಗೇ ಹಬ್ಬುತ್ತದೆ. ಎರಡು ಜೋಡಿಬಂಧಗಳಿರುವ ಲಿನೋಲಿಕ್ ಹೀಗೆ ಕೆಡುವ ವೇಗ ಓಲಿಕ್‌ಗಿಂತ ಸುಮಾರು ಹತ್ತು ಹನ್ನೆರಡು ಪಟ್ಟು ಹೆಚ್ಚು. ಮೂರು ಜೋಡಿಬಂಧಗಳ ಲಿನೋಲೆನಿಕ್‌ನ ವೇಗ ಅದರ ಎರಡು ಪಟ್ಟು.

ಹಾಗಾದರೆ ಮೊದಲ ಎಂಟು ತಿಂಗಳ ಮೌನ ಎಲ್ಲಿಂದ ಬಂತು? ಬೀಜ ತನ್ನ ಎಣ್ಣೆಯನ್ನು ಕಾವಲಿಲ್ಲದೆ ಬಿಟ್ಟಿರುವುದಿಲ್ಲ. ಅದರೊಳಗೆ ಟೋಕೋಫೆರಾಲ್‌ಗಳು, ಅಂದರೆ ನಾವು ಇ ಜೀವಸತ್ವ ಎನ್ನುವ ಗುಂಪಿನ ವಸ್ತುಗಳು ಇರುತ್ತವೆ. ಎರಗಿ ಬಂದ ಅಣುವಿಗೆ ಅವು ತಮ್ಮದೇ ಜಲಜನಕವನ್ನು ಕೊಟ್ಟು ಸರಣಿಯನ್ನು ಅಲ್ಲಿಗೇ ಕಡಿಯುತ್ತವೆ. ಹಾಗೆ ಕೊಡುತ್ತ ಕೊಡುತ್ತ ತಾವು ಮುಗಿದುಹೋಗುತ್ತವೆ. ಹೊರಗಿನಿಂದ ನೋಡುವವರಿಗೆ ಎಣ್ಣೆ ಹೊಚ್ಚ ಹೊಸದು. ಒಳಗೆ ಕಾವಲು ದಿನದಿನಕ್ಕೆ ಕರಗುತ್ತಿರುತ್ತದೆ. ಕೊನೆಯ ಟೋಕೋಫೆರಾಲ್ ಸವೆದ ಮೇಲೆ ಸೊಸ್ಯೂರ್ ಕಂಡ ಆ ಹತ್ತು ದಿನಗಳು ಬರುತ್ತವೆ.

ಮೌನದ ಅವಧಿಯನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಸಂಗತಿ ಎಂದಾಯಿತು. ಸುಲಭವಾಗಿ ಕೆಡುವ ಲಿನೋಲಿಕ್ ಎಷ್ಟಿದೆ, ಕಾಯುವ ವಸ್ತು ಎಷ್ಟಿದೆ. ಎರಡೂ ತಳಿಯಿಂದ ತಳಿಗೆ ಬೇರೆ.

ನಮ್ಮ ಬಯಲುಸೀಮೆಯ ಕಡಲೆಕಾಯಿಯನ್ನೇ ನೋಡೋಣ. ಪಾವಗಡ, ಶಿರಾ, ಚಳ್ಳಕೆರೆಯ ಕೆಂಪು ಮಣ್ಣಿನಲ್ಲಿ ದಶಕಗಳಿಂದ ಬೆಳೆದುಬಂದ ಟಿಎಂವಿ-2 ಹುಟ್ಟಿದ್ದು ತಮಿಳುನಾಡಿನ ತಿಂಡಿವನಂ ಕೇಂದ್ರದಲ್ಲಿ, 1940ರಲ್ಲಿ. ಮಳೆ ಕೈಕೊಟ್ಟರೂ ಅಷ್ಟೋ ಇಷ್ಟೋ ಕೈಗೆ ಬರುವ, ಬೇಗ ಬಲಿಯುವ, ಗೊಂಚಲು ಗೊಂಚಲಾಗಿ ಕಾಯಿ ಬಿಡುವ ತಳಿ ಅದು. ಅದಕ್ಕೆ ಸರಿಸಾಟಿಯಾದದ್ದು ಬಹಳ ಕಾಲ ಸಿಗದಿದ್ದುದರಿಂದ ರೈತರು ಅದನ್ನು ಬಿಟ್ಟುಕೊಡಲಿಲ್ಲ. ಈ ಗೊಂಚಲು ಬಗೆಯ ಕಡಲೆಕಾಯಿಗಳ ಎಣ್ಣೆಯಲ್ಲಿ ಸಾಮಾನ್ಯವಾಗಿ ಓಲಿಕ್ ನೂರಕ್ಕೆ 40ರ ಆಸುಪಾಸು, ಲಿನೋಲಿಕ್ 35ರ ಆಸುಪಾಸು ಇರುತ್ತದೆ. ನೆಲದ ಮೇಲೆ ಹಬ್ಬುವ, ದಪ್ಪ ಕಾಳಿನ, ನಿಧಾನವಾಗಿ ಬಲಿಯುವ ವರ್ಜೀನಿಯಾ ಬಗೆಯಲ್ಲಿ ಓಲಿಕ್ 50ರ ಗಡಿ ದಾಟುತ್ತದೆ, ಲಿನೋಲಿಕ್ 25ರಿಂದ 30ಕ್ಕೆ ಇಳಿಯುತ್ತದೆ. ನೋಡಲು ಎರಡೂ ಒಂದೇ ಹೊಂಬಣ್ಣದ ಎಣ್ಣೆ. ಶೇಖರಣೆಯಲ್ಲಿ ಹಬ್ಬುವ ಬಗೆಯದು ಮುಂದೆ.

ತಳಿ ಒಂದೇ ಆದರೂ ಕಾಲ ಬದಲಾದರೆ ಎಣ್ಣೆ ಬದಲಾಗುತ್ತದೆ. ಓಲಿಕ್‌ಗೆ ಇನ್ನೊಂದು ಜೋಡಿಬಂಧ ಹಾಕಿ ಲಿನೋಲಿಕ್ ಮಾಡುವ ಕಿಣ್ವವೊಂದು ಬೀಜದೊಳಗಿದೆ. ತಂಪಿನಲ್ಲಿ ಅದು ಚುರುಕು, ಬಿಸಿಯಲ್ಲಿ ಮಂದ. ಕಾರ್ತಿಕದ ತಂಪಿನಲ್ಲಿ ಕಾಳು ತುಂಬಿದ ಮುಂಗಾರು ಬೆಳೆಗೂ ಏಪ್ರಿಲ್ ಬಿಸಿಲಿನಲ್ಲಿ ಕಾಳು ತುಂಬಿದ ಬೇಸಿಗೆ ಬೆಳೆಗೂ ವ್ಯತ್ಯಾಸ ಬೀಳುವುದು ಅದಕ್ಕೇ. ಬಲಿತ ಕಾಳಿಗೂ ಎಳೆಯ ಕಾಳಿಗೂ ಹಾಗೆಯೇ. ಬಲಿಯುತ್ತ ಹೋದಂತೆ ಓಲಿಕ್ ಏರುತ್ತದೆ. ಮಳೆ ತಪ್ಪೀತೆಂದೋ ಕೂಲಿಯಾಳು ಸಿಗುವುದಿಲ್ಲವೆಂದೋ ಹದಿನೈದು ದಿನ ಮೊದಲೇ ಕಿತ್ತ ಕಾಯಿಯಲ್ಲಿ ಎಣ್ಣೆ ಕಡಿಮೆ ಬರುವುದು ಎಲ್ಲ ರೈತರಿಗೂ ಗೊತ್ತು. ಬಂದ ಎಣ್ಣೆ ಬೇಗ ಕೆಡುವಂಥದ್ದು ಎಂಬುದು ಅಷ್ಟಾಗಿ ಗೊತ್ತಿಲ್ಲ.

ತಳಿಯ ವಿಷಯದಲ್ಲಿ ದೊಡ್ಡ ತಿರುವು ಬಂದದ್ದು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಿಂದ. ಅಲ್ಲಿನ ತಳಿವಿಜ್ಞಾನಿ ನಾರ್ಡನ್ ಮತ್ತು ಸಂಗಡಿಗರು ನೂರಾರು ಕಡಲೆಕಾಯಿ ಮಾದರಿಗಳ ಎಣ್ಣೆಯನ್ನು ಪರೀಕ್ಷಿಸುತ್ತಿದ್ದಾಗ ಎಫ್435 ಎಂಬ ಒಂದು ಸಾಲು ಎಲ್ಲಕ್ಕಿಂತ ಬೇರೆಯಾಗಿ ಕಂಡಿತು. ಓಲಿಕ್ ನೂರಕ್ಕೆ 80, ಲಿನೋಲಿಕ್ ಬರೀ 2. ಈ ಸಂಗತಿ 1987ರಲ್ಲಿ ಪ್ರಕಟವಾಯಿತು. ಕಡಲೆಕಾಯಿಯ ವಂಶವಾಹಿಗಳು ಎರಡು ಕಾಡು ಪೂರ್ವಜರಿಂದ ಬಂದು ಕೂಡಿಕೊಂಡವು. ಹಾಗಾಗಿ ಓಲಿಕ್ ಅನ್ನು ಲಿನೋಲಿಕ್ ಮಾಡುವ ಆ ಕಿಣ್ವವನ್ನು ರೂಪಿಸುವ ಜೀನ್‌ಗೆ ಅದರಲ್ಲಿ ಎರಡು ಪ್ರತಿಗಳು. ಎಫ್435ರಲ್ಲಿ ಒಂದು ಪ್ರತಿಯ ಒಂದು ಅಕ್ಷರ ಬದಲಾಗಿತ್ತು, ಇನ್ನೊಂದು ಪ್ರತಿಯಲ್ಲಿ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡಿತ್ತು. ಒಂದೇ ಪ್ರತಿ ಕೆಟ್ಟಿದ್ದರೆ ಇನ್ನೊಂದು ಕೆಲಸ ಮುಂದುವರಿಸುತ್ತಿತ್ತು. ಎರಡೂ ಕೆಟ್ಟದ್ದರಿಂದ ಓಲಿಕ್ ಓಲಿಕ್ ಆಗಿಯೇ ಉಳಿಯಿತು. ಯಾರೂ ಪ್ರಯೋಗಾಲಯದಲ್ಲಿ ಜೀನ್ ತೂರಿಸಿದ್ದಲ್ಲ, ನಿಸರ್ಗದಲ್ಲೇ ಆದ ಬದಲಾವಣೆ. ಅದನ್ನು ಹಳೆಯ ಕ್ರಮದ ಸಂಕರಣದಿಂದಲೇ ಬೇರೆ ತಳಿಗಳಿಗೆ ದಾಟಿಸಿ 1995ರಲ್ಲಿ ‘ಸನ್‌ಓಲಿಕ್ 95ಆರ್’ ಎಂಬ ತಳಿಯನ್ನು ಹೊರತಂದರು. ಇಂಥ ಎಣ್ಣೆಯನ್ನೂ ಮಾಮೂಲಿ ಕಡಲೆಕಾಯಿ ಎಣ್ಣೆಯನ್ನೂ ಬಿಸಿ ಗಾಳಿಯ ಪರೀಕ್ಷೆಗೆ ಒಡ್ಡಿದಾಗ ಮೌನದ ಅವಧಿಯಲ್ಲಿ ಹತ್ತು ಪಟ್ಟಿನ ಆಸುಪಾಸು ಅಂತರ ಕಂಡದ್ದುಂಟು. ಆಸ್ಟ್ರೇಲಿಯಾದ ಕಡಲೆಕಾಯಿ ಉದ್ಯಮ ಈಗ ಬಹುತೇಕ ಇಂಥ ತಳಿಗಳಿಗೇ ಹೊರಳಿದೆ.

ಭಾರತಕ್ಕೆ ಈ ಗುಣ ಬಂದದ್ದು ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಗುಜರಾತಿನ ಜುನಾಗಢದ ಕಡಲೆಕಾಯಿ ಸಂಶೋಧನಾ ಸಂಸ್ಥೆಯ ಮೂಲಕ. ಸನ್‌ಓಲಿಕ್ ಅನ್ನು ನಮ್ಮ ನೆಲಕ್ಕೆ ಒಗ್ಗಿದ ತಳಿಗಳೊಂದಿಗೆ ಸಂಕರಿಸಿ ಗಿರ್ನಾರ್-4 ಮತ್ತು ಗಿರ್ನಾರ್-5 ಎಂಬ ಎರಡು ತಳಿಗಳನ್ನು ರೂಪಿಸಿದರು. ಜುನಾಗಢದ ಬೆನ್ನಿಗಿರುವ ಗಿರ್ನಾರ್ ಬೆಟ್ಟದ ಹೆಸರೇ ತಳಿಗೆ. 2020ರ ಅಕ್ಟೋಬರ್ 16ರಂದು ದೇಶಕ್ಕೆ ಅರ್ಪಿಸಿದ 17 ಪೌಷ್ಟಿಕ ತಳಿಗಳ ಪಟ್ಟಿಯಲ್ಲಿ ಇವೆರಡೂ ಇದ್ದವು. ಇವುಗಳಲ್ಲಿ ಓಲಿಕ್ 80ರ ಹತ್ತಿರ ಹೋಗುತ್ತದೆ, ಲಿನೋಲಿಕ್ ಒಂದಂಕಿಗೆ ಇಳಿಯುತ್ತದೆ. ಕಿಣ್ವವೇ ಕೆಟ್ಟಿರುವುದರಿಂದ ತಂಪಿನ ಕಾಲದ ಬೆಳೆಯಲ್ಲೂ ಓಲಿಕ್ ಅಷ್ಟಾಗಿ ಕುಸಿಯುವುದಿಲ್ಲ.

ಈಗ ಎರಡು ಎಣ್ಣೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದು ಟಿಎಂವಿ-2ರಂಥ ತಳಿಯದು, ಇನ್ನೊಂದು ಹೆಚ್ಚು ಓಲಿಕ್‌ನದು, ತಿಂಗಳುಗಳ ಉದ್ದಕ್ಕೆ ಏನಾಗುತ್ತದೆಂದು ನೋಡಿದರೆ ಅವು ಕೆಡುವ ವೇಗವಷ್ಟೇ ಬೇರೆ ಎನ್ನುವಂತಿಲ್ಲ. ಕೆಡುವ ರೀತಿಯೂ ಬೇರೆ.

ಮೊದಲು ಹುಟ್ಟುವ ಹೈಡ್ರೋಪೆರಾಕ್ಸೈಡ್‌ಗಳಿಗೆ ರುಚಿಯಿಲ್ಲ, ವಾಸನೆಯಿಲ್ಲ. ನಾಲಿಗೆಗೂ ಮೂಗಿಗೂ ಅವು ಸಿಗುವುದಿಲ್ಲ, ಪ್ರಯೋಗಾಲಯದಲ್ಲಿ ಅಯೋಡಿನ್ ಬಿಡುಗಡೆ ಮಾಡಿಸಿ ಅಳೆಯಬೇಕು. ಅದನ್ನೇ ಪೆರಾಕ್ಸೈಡ್ ಮೌಲ್ಯ ಎನ್ನುವುದು. ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಪ್ರಕಾರ ಅದು ಸಂಸ್ಕರಿತ ಎಣ್ಣೆಯಲ್ಲಿ ಕಿಲೋಗೆ 10, ತಣ್ಣಗೆ ಹಿಂಡಿದ ಎಣ್ಣೆಯಲ್ಲಿ 15 ಮಿಲಿ ಈಕ್ವಿವಲೆಂಟ್ ಮೀರಬಾರದು. ಲಿನೋಲಿಕ್ ಹೆಚ್ಚಿರುವ ಎಣ್ಣೆ ಈ ಗಡಿಯನ್ನು ಬೇಗ ಮುಟ್ಟುತ್ತದೆ.

ಆಮೇಲಿನ ಹಂತದಲ್ಲಿ ಹೈಡ್ರೋಪೆರಾಕ್ಸೈಡ್‌ಗಳು ಒಡೆದು ಚೂರುಗಳಾಗುತ್ತವೆ. ನಮ್ಮ ಮೂಗಿಗೆ ತಟ್ಟುವುದು ಈ ಚೂರುಗಳೇ. ಲಿನೋಲಿಕ್ ಒಡೆದರೆ ಮುಖ್ಯವಾಗಿ ಹೆಕ್ಸನಾಲ್ ಬರುತ್ತದೆ. ಅತಿ ಸ್ವಲ್ಪವಿದ್ದಾಗ ಅದು ಹಸಿ ಹುಲ್ಲು ಕೊಯ್ದ ವಾಸನೆ, ಹೆಚ್ಚಾದಂತೆ ಹಳೇ ರಟ್ಟಿನ ಪೆಟ್ಟಿಗೆ, ಬಣ್ಣದ ಡಬ್ಬಿ ನೆನಪಾಗುವ ವಾಸನೆ. ಹುರಿದ ಕಡಲೆಬೀಜ ತಿಂಗಳೊಪ್ಪತ್ತಿನಲ್ಲಿ ಸಪ್ಪೆಯಾಗುವುದರ ಹಿಂದೆಯೂ ಇದೇ ಇದೆ. ಹುರಿದ ಘಮ ಕೊಡುವ ವಸ್ತುಗಳು ಒಂದು ಕಡೆ ಕರಗುತ್ತಿರುತ್ತವೆ, ಇನ್ನೊಂದು ಕಡೆ ಹೆಕ್ಸನಾಲ್ ಏರಿ ಉಳಿದ ಘಮವನ್ನೂ ಮುಚ್ಚಿಬಿಡುತ್ತದೆ. ಓಲಿಕ್ ಒಡೆದರೆ ನೊನನಾಲ್‌ನಂಥ ಚೂರುಗಳು ಬರುತ್ತವೆ. ಅವುಗಳದು ಕೊಬ್ಬಿನ, ಮೇಣದ ಛಾಯೆಯ ಮಂದ ವಾಸನೆ. ಹೆಚ್ಚು ಓಲಿಕ್‌ನ ಎಣ್ಣೆ ತಡವಾಗಿ ಕೆಡುವುದಷ್ಟೇ ಅಲ್ಲ, ಕೆಟ್ಟಾಗಲೂ ಮೂಗಿಗೆ ಅಷ್ಟು ಚುಚ್ಚುವುದಿಲ್ಲ.

ಒಂದು ಸ್ವಾರಸ್ಯ ಇಲ್ಲಿದೆ. ಲಿನೋಲಿಕ್‌ನಿಂದ ಹುಟ್ಟುವ ಇನ್ನೊಂದು ಚೂರು ಡೆಕಾಡಯೀನಾಲ್. ಬಜ್ಜಿ, ಬೋಂಡ ಕರಿಯುವಾಗ ಬೀದಿಯ ತುದಿಯವರೆಗೂ ಹರಡಿ ಹಸಿವೆ ಕೆರಳಿಸುವ ಆ ‘ಕರಿದ’ ವಾಸನೆಯಲ್ಲಿ ಅದರದೇ ದೊಡ್ಡ ಪಾಲು. ಹೆಚ್ಚು ಓಲಿಕ್‌ನ ಎಣ್ಣೆಯಲ್ಲಿ ಕರಿದ ತಿಂಡಿಗೆ ಆ ಘಮ ತುಸು ಕಡಿಮೆ ಎಂದು ಅನ್ನಿಸುವುದು ಈ ಕಾರಣಕ್ಕೆ. ಬಾಣಲೆಯಲ್ಲಿ ನಾವು ಇಷ್ಟಪಡುವ ಘಮವೂ ಡಬ್ಬಿಯಲ್ಲಿ ನಾವು ಮುಖ ಸಿಂಡರಿಸುವ ಕಮಟೂ ಒಂದೇ ರಾಸಾಯನಿಕ ಕ್ರಿಯೆಯ ಮಕ್ಕಳು.

ಹೈಡ್ರೋಪೆರಾಕ್ಸೈಡ್‌ಗಳು ಹೀಗೆ ಒಡೆಯುವುದರಿಂದ ಪರೀಕ್ಷೆ ಮಾಡುವವರಿಗೆ ಒಂದು ತೊಡಕಿದೆ. ಪೆರಾಕ್ಸೈಡ್ ಮೌಲ್ಯ ಏರುತ್ತಲೇ ಹೋಗುವುದಿಲ್ಲ. ಹುಟ್ಟುವುದಕ್ಕಿಂತ ಒಡೆಯುವುದು ಹೆಚ್ಚಾದ ದಿನದಿಂದ ಅದು ಇಳಿಯತೊಡಗುತ್ತದೆ. ಪೂರ್ತಿ ಕೆಟ್ಟ ಎಣ್ಣೆಯೂ ಒಳ್ಳೆಯ ಅಂಕ ತೋರಿಸೀತು. ಅದಕ್ಕಾಗಿ ಬಲ್ಲವರು ಒಡೆದ ಚೂರುಗಳನ್ನು ಅಳೆಯುವ ಅನಿಸಿಡಿನ್ ಮೌಲ್ಯವನ್ನೂ ಜೊತೆಗೆ ಕೇಳುತ್ತಾರೆ. ಸಂಸ್ಕರಿತ ಎಣ್ಣೆಯ ವಿಷಯದಲ್ಲಂತೂ ಇದು ಕೇಳಲೇಬೇಕಾದ ಅಂಕ. ರಿಫೈನರಿಯ ಕೊನೆಯ ಹಂತದಲ್ಲಿ 200 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ, ನಿರ್ವಾತದಲ್ಲಿ, ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಹಳೆಯ ಬೀಜದಿಂದ ಬಂದ ಎಣ್ಣೆಯೂ ಅಲ್ಲಿಂದ ಪೆರಾಕ್ಸೈಡ್ ಇಲ್ಲದೆ, ವಾಸನೆ ಇಲ್ಲದೆ ಹೊರಬರುತ್ತದೆ. ಆ ವಾಸನೆಯ ಜೊತೆ ಟೋಕೋಫೆರಾಲ್‌ನ ಒಂದು ಪಾಲೂ ಹೋಗಿರುತ್ತದೆ. ಆ ನಷ್ಟ ತುಂಬಲೆಂದೇ ಟಿಬಿಎಚ್‌ಕ್ಯೂನಂಥ ಕೃತಕ ನಿರೋಧಕವನ್ನು ಸೇರಿಸುವುದು. ನಮ್ಮಲ್ಲಿ ಅದರ ಮಿತಿ ಕಿಲೋಗೆ 200 ಮಿಲಿಗ್ರಾಂ.

ಎಣ್ಣೆ ಬಾಟಲಿಯ ಕತ್ತಿನ ಸುತ್ತ, ಟಿನ್ನಿನ ಹೊರಮೈ ಮೇಲೆ ಹರಿದು ಒಣಗಿದ ಜಾಗದಲ್ಲಿ ಅಂಟಂಟಾದ ಹಳದಿ ಪದರ ನೋಡಿರುತ್ತೀರಿ. ಸೋಪು ಹಾಕಿ ಉಜ್ಜಿದರೂ ಬಿಡದು. ಅದು ಉತ್ಕರ್ಷಣದ, ಅಂದರೆ ಎಣ್ಣೆಗೆ ಆಮ್ಲಜನಕ ಸೇರುತ್ತ ಹೋಗುವ ಈ ಕ್ರಿಯೆಯ ಕೊನೆಯ ಹಂತ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಮೆರುಗೆಣ್ಣೆಯಾದದ್ದು. ಅರ್ಧಕ್ಕಿಂತ ಹೆಚ್ಚು ಲಿನೋಲೆನಿಕ್ ಇರುವ ಅಗಸೆ ಎಣ್ಣೆಯನ್ನು ಬಣ್ಣ, ವಾರ್ನಿಶ್‌ಗೆ ಬಳಸುವುದೂ, ಯುರೋಪಿನ ಚಿತ್ರಕಾರರು ಅಕ್ರೋಟಿನ ಎಣ್ಣೆಯಲ್ಲಿ ಬಣ್ಣ ಕಲಸುತ್ತಿದ್ದುದೂ ಈ ಗುಣಕ್ಕಾಗಿಯೇ. ಅಕ್ರೋಟಿನ ಎಣ್ಣೆಯಲ್ಲಿ ಲಿನೋಲಿಕ್ 60ರ ಸುಮಾರು, ಲಿನೋಲೆನಿಕ್ ಹತ್ತು ಹನ್ನೆರಡು. ಕಾಶ್ಮೀರದಿಂದ ಸುಲಿದು ಬಂದ ಅಕ್ರೋಟು ನಮ್ಮೂರಿನ ಸೆಕೆಯಲ್ಲಿ ಎರಡು ತಿಂಗಳಿಗೇ ಕಹಿಯಾದರೆ ಅಂಗಡಿಯವನದೇ ತಪ್ಪು ಎನ್ನಲಾಗದು, ಅದರ ಎಣ್ಣೆಯ ಸ್ವಭಾವವೇ ಹಾಗೆ. ಚಿಪ್ಪಿನ ಸಮೇತ ತಂದು ಬೇಕಾದಾಗ ಒಡೆದುಕೊಳ್ಳುವುದು ಮೇಲು. ಬಾದಾಮಿ, ಗೋಡಂಬಿ ಎರಡೂ ಓಲಿಕ್ ಪ್ರಧಾನ, 60 ಅಥವಾ ಅದಕ್ಕಿಂತ ಹೆಚ್ಚು. ಆದ್ದರಿಂದ ಅವು ತಾಳುತ್ತವೆ.

ತೆಂಗಿನದು ಬೇರೆಯೇ ದಾರಿ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ 90ರಷ್ಟು ಜೋಡಿಬಂಧವೇ ಇಲ್ಲದ ಕೊಬ್ಬಿನಾಮ್ಲಗಳು. ಲಿನೋಲಿಕ್ ಎರಡರ ಸುಮಾರು. ಆಮ್ಲಜನಕಕ್ಕೆ ಅಲ್ಲಿ ಹಿಡಿತ ಸಿಗುವುದೇ ಕಷ್ಟ. ಆದರೂ ಕೊಬ್ಬರಿ ಎಣ್ಣೆ ಸೋಪಿನ ವಾಸನೆ ಹೊಡೆಯುವುದುಂಟು. ಅದಕ್ಕೆ ಕಾರಣ ನೀರು. ಸರಿಯಾಗಿ ಒಣಗದ ಕೊಬ್ಬರಿಯಲ್ಲಿ ಬೂಷ್ಟು ಹಿಡಿದು, ಲಾರಿಕ್ ಆಮ್ಲ ಗ್ಲಿಸರಾಲಿನಿಂದ ಕಳಚಿಕೊಳ್ಳುತ್ತದೆ. ತಿಪಟೂರಿನವರು ಉಂಡೆ ಕೊಬ್ಬರಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿಯೊಳಗೇ ಒಣಗಿಸುವ ತಾಳ್ಮೆ ಎಣ್ಣೆಗೂ ಒಳ್ಳೆಯದೇ.

ಲಿನೋಲಿಕ್ ಲೆಕ್ಕವೇ ಎಲ್ಲ ಎಂದುಕೊಂಡವರನ್ನು ಎಳ್ಳು ತಡೆದು ನಿಲ್ಲಿಸುತ್ತದೆ. ಎಳ್ಳೆಣ್ಣೆಯಲ್ಲಿ ಲಿನೋಲಿಕ್ 40ರ ಮೇಲೆ, ಟಿಎಂವಿ-2ಕ್ಕಿಂತ ಹೆಚ್ಚು. ಆದರೂ ಅದು ಕಡಲೆಕಾಯಿ ಎಣ್ಣೆಗಿಂತ ಹೆಚ್ಚು ಕಾಲ ಬಾಳುತ್ತದೆ. ಎಳ್ಳಿನಲ್ಲಿ ಸೆಸಮೋಲಿನ್ ಎಂಬ ವಸ್ತುವಿದ್ದು, ಹುರಿದಾಗ ಅದು ಒಡೆದು ಸೆಸಮೋಲ್ ಎಂಬ ಬಲವಾದ ನಿರೋಧಕವಾಗುತ್ತದೆ. ಹುರಿದ ಎಳ್ಳಿನ ಎಣ್ಣೆ ಇನ್ನೂ ಗಟ್ಟಿ. ಅದರ ಪಕ್ಕದಲ್ಲೇ ಬೆಳೆಯುವ ಹುಚ್ಚೆಳ್ಳಿಗೆ, ಅಂದರೆ ಗುರೆಳ್ಳಿಗೆ, ಆ ಭಾಗ್ಯವಿಲ್ಲ. ಲಿನೋಲಿಕ್ 70ರ ಆಸುಪಾಸು, ಸೆಸಮೋಲ್ ಇಲ್ಲ. ಗುರೆಳ್ಳು ಚಟ್ನಿಪುಡಿಯನ್ನು ವಾರ ಹದಿನೈದು ದಿನಕ್ಕೆ ಆಗುವಷ್ಟೇ ಕುಟ್ಟಿಟ್ಟುಕೊಳ್ಳುವ ರೂಢಿ ಉತ್ತರ ಕರ್ನಾಟಕದ ಮನೆಗಳಲ್ಲಿ ಬೆಳೆದುಬಂದದ್ದು ಅನುಭವದಿಂದ. ಕಡಲೆಕಾಯಿಯಲ್ಲೂ ಟೋಕೋಫೆರಾಲ್ ತಳಿಯಿಂದ ತಳಿಗೆ ಬದಲಾಗುತ್ತದೆ. ಹಾಗಾಗಿ ಲಿನೋಲಿಕ್ ಒಂದೇ ಮಟ್ಟದಲ್ಲಿರುವ ಎರಡು ತಳಿಗಳ ಎಣ್ಣೆಯೂ ಒಂದೇ ದಿನ ಕೆಡಬೇಕೆಂದಿಲ್ಲ.

ಈಗ ಊರೂರಿಗೆ ಬಂದಿರುವ ಮರದ ಗಾಣಗಳ ವಿಷಯ. ಅವುಗಳ ಬಗ್ಗೆ ನನಗೆ ಪ್ರೀತಿಯಿದೆ. ಬೀಜದ ಘಮ, ಟೋಕೋಫೆರಾಲ್ ಎರಡೂ ಎಣ್ಣೆಯಲ್ಲಿ ಉಳಿಯುತ್ತವೆ, ದುಡ್ಡು ಊರಲ್ಲೇ ತಿರುಗುತ್ತದೆ. ಆದರೆ ‘ಗಾಣದ್ದು, ಆದ್ದರಿಂದ ಕೆಡುವುದಿಲ್ಲ’ ಎಂಬ ಮಾತನ್ನು ಒಪ್ಪಲಾರೆ. ಕೆಟ್ಟ ಬೀಜವನ್ನು ಗಾಣ ಒಳ್ಳೆಯದು ಮಾಡುವುದಿಲ್ಲ, ರಿಫೈನರಿಯ ಹಾಗೆ ಅದರ ಹಿಂದಿನದನ್ನು ಅಳಿಸುವುದೂ ಇಲ್ಲ. ಸುಲಿಯುವಾಗ ಕಾಳು ಒಡೆಯದಿರಲಿ, ತೂಕ ಬರಲಿ ಎಂದು ಕಾಯಿಗೆ ನೀರು ಚಿಮುಕಿಸುವ ಅಭ್ಯಾಸ ಮಂಡಿಗಳಲ್ಲಿ ಇನ್ನೂ ಇದೆ. ಹಾಗೆ ನೆನೆದ ಕಾಳಿನಲ್ಲಿ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಸೇರುವ ಭಯ ಒಂದು ಕಡೆ, ಎಣ್ಣೆಯ ಆಮ್ಲತೆ ಏರುವುದು ಇನ್ನೊಂದು ಕಡೆ. ಒಡೆದ ಕಾಳು, ಸಿಪ್ಪೆ ಕಳಚಿದ ಕಾಳು ಇಡೀ ಕಾಳಿಗಿಂತ ಬೇಗ ಕೆಡುತ್ತದೆ. ಸೀಳಿದ ಕ್ಷಣದಿಂದ ಒಳಗಿರುವ, ಎಣ್ಣೆ ಕೆಡಿಸುವ ಬೇರೊಂದು ಕಿಣ್ವಕ್ಕೆ ಎಣ್ಣೆಯೂ ಗಾಳಿಯೂ ಒಟ್ಟಿಗೇ ಸಿಗುತ್ತವೆ. ಆ ತೆಳ್ಳನೆಯ ಕೆಂಪು ಸಿಪ್ಪೆಯಲ್ಲೂ ಕಾಯುವ ವಸ್ತುಗಳಿರುತ್ತವೆ. ಹಿಂಡಿದ ಮೇಲೆ ಎಣ್ಣೆಯನ್ನು ಎರಡು ಮೂರು ದಿನ ತಿಳಿಯಾಗಲು ಬಿಟ್ಟು ಗಸಿ ತೆಗೆಯದಿದ್ದರೆ ಅದರಲ್ಲಿನ ತೇವ ಎಣ್ಣೆಯನ್ನು ತಳದಿಂದ ಕೆಡಿಸುತ್ತದೆ.

ಮನೆಯಲ್ಲಿ ನಾವು ಮಾಡುವುದರಲ್ಲಿ ಎಣ್ಣೆಯನ್ನು ಬೇಗ ಕೆಡಿಸುವುದು ಅರ್ಧ ಖಾಲಿಯಾದ ಟಿನ್ನು. ಲೆಕ್ಕ ಹಾಕಿ ನೋಡಿದರೆ ಗಾಬರಿಯಾಗುತ್ತದೆ. ಒಂದು ಕಿಲೋ ಎಣ್ಣೆಯ ಪೆರಾಕ್ಸೈಡ್ ಮೌಲ್ಯ ಸೊನ್ನೆಯಿಂದ 10ಕ್ಕೆ ಏರಲು ಬೇಕಾದ ಆಮ್ಲಜನಕ ಸುಮಾರು 160 ಮಿಲಿಗ್ರಾಂ. ಒಂದು ಲೀಟರ್ ಗಾಳಿಯಲ್ಲಿ ಅದಕ್ಕಿಂತ ನೂರು ಮಿಲಿಗ್ರಾಂ ಹೆಚ್ಚೇ ಇರುತ್ತದೆ. ಹದಿನೈದು ಕಿಲೋ ಟಿನ್ ತಂದು ಅರ್ಧ ಬಳಸಿ ಮುಚ್ಚಳ ಹಾಕಿಟ್ಟರೆ, ಉಳಿದ ಎಣ್ಣೆಯನ್ನು ಪೂರ್ತಿ ಕೆಡಿಸಲು ಬೇಕಾದ ಆಮ್ಲಜನಕ ಆ ಟಿನ್ನಿನೊಳಗೇ ಇದೆ. ಹೊರಗಿನಿಂದ ಬರಬೇಕಾದದ್ದು ಏನೂ ಇಲ್ಲ. ಟಿನ್ ಒಡೆದ ದಿನವೇ ಸಣ್ಣ ಸ್ಟೀಲ್ ಡಬ್ಬಿಗಳಿಗೆ ಕಂಠಪೂರ್ತಿ ತುಂಬಿಟ್ಟು ಒಂದೊಂದಾಗಿ ತೆಗೆದರೆ ಇದು ತಪ್ಪುತ್ತದೆ. ಹಳೆಯ ಎಣ್ಣೆಯ ತಳಕ್ಕೆ ಹೊಸದನ್ನು ಸುರಿಯುವುದಂತೂ ಬೇಡ. ಹಳೆಯದರಲ್ಲಿ ತುಂಬಿರುವ ಪೆರಾಕ್ಸೈಡ್ ಹೊಸದರ ಕಾವಲನ್ನು ಮೊದಲ ದಿನದಿಂದಲೇ ತಿನ್ನತೊಡಗುತ್ತದೆ. ಬೆಳಕು ಬೀಳುವ ಕಿಟಕಿಯ ಗಾಜಿನ ಸೀಸೆ, ಒಲೆಯ ಪಕ್ಕದ ಜಾಗ, ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ ಪಾತ್ರೆ, ಇವೆಲ್ಲ ಗೊತ್ತಿರುವ ಶತ್ರುಗಳು. ತಾಮ್ರ ಕಿಲೋಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಸೇರಿದರೂ ಉತ್ಕರ್ಷಣಕ್ಕೆ ವೇಗ ಬರುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿ.

ಹೆಚ್ಚು ಓಲಿಕ್‌ನ ತಳಿಯೇ ಎಲ್ಲರಿಗೂ, ಎಲ್ಲದಕ್ಕೂ ಎಂದು ನಾನು ವಾದಿಸುತ್ತಿಲ್ಲ. ಲಿನೋಲಿಕ್ ನಮ್ಮ ದೇಹ ತಾನೇ ಮಾಡಿಕೊಳ್ಳಲಾರದ, ಊಟದಿಂದಲೇ ಬರಬೇಕಾದ ಕೊಬ್ಬಿನಾಮ್ಲ. ವಾರಕ್ಕೊಮ್ಮೆ ಪಕ್ಕದ ಗಾಣದಿಂದ ಒಂದು ಲೀಟರ್ ತಂದು ಮುಗಿಸುವ ಮನೆಗೆ ಟಿಎಂವಿ-2ರ ಎಣ್ಣೆ ಯಾವ ತೊಂದರೆಯನ್ನೂ ಕೊಡದು. ಅದರ ರುಚಿಗೆ ಒಗ್ಗಿದ ನಾಲಿಗೆಗಳೂ ಬೇಕಾದಷ್ಟಿವೆ. ಆದರೆ ವರ್ಷದ ಎಣ್ಣೆಯನ್ನು ಒಂದೇ ಸಲ ಹಿಂಡಿಸಿಟ್ಟುಕೊಳ್ಳುವ ರೈತ ಕುಟುಂಬಕ್ಕೆ, ಚಿಕ್ಕಿ, ಹುರಿದ ಬೀಜ, ಚಟ್ನಿಪುಡಿ ಮಾಡಿ ದೂರದ ಪೇಟೆಗೆ ಕಳಿಸುವ ಮಹಿಳಾ ಸಂಘಕ್ಕೆ, ದಿನವಿಡೀ ಬಾಣಲೆ ಇಳಿಸದ ಬಜ್ಜಿ ಅಂಗಡಿಗೆ ತಳಿಯ ಆಯ್ಕೆ ನೇರವಾಗಿ ದುಡ್ಡಿನ, ಆರೋಗ್ಯದ ಪ್ರಶ್ನೆ. ಅವರಿಗೆ ಈ ಆಯ್ಕೆ ಇದೆ ಎಂಬುದನ್ನಾದರೂ ತಿಳಿಸಬೇಕು.

ಈಗಿನ ವ್ಯವಸ್ಥೆಯಲ್ಲಿ ಅದು ತಿಳಿಯುವ ದಾರಿಯೇ ಇಲ್ಲ. ಎಣ್ಣೆ ನಗರಿ ಎಂದು ಹೆಸರಾದ ಚಳ್ಳಕೆರೆಯ ಮಿಲ್ಲುಗಳಿಗಾಗಲಿ, ಬೇರೆ ಊರಿನ ಮಿಲ್ಲುಗಳಿಗಾಗಲಿ ಬರುವ ಚೀಲಗಳಿಗೆ ಬೆಲೆ ಕಟ್ಟುವುದು ತೇವ, ಕಾಳಿನ ಗಾತ್ರ, ಎಣ್ಣೆಯ ಇಳುವರಿ ನೋಡಿ. ಒಬ್ಬ ರೈತ ಗಿರ್ನಾರ್-4 ಬೆಳೆದು ತಂದರೆ ಅದೂ ಪಕ್ಕದವನ ಟಿಎಂವಿ-2 ಜೊತೆ ಒಂದೇ ರಾಶಿಗೆ ಬೀಳುತ್ತದೆ. ರಾಶಿಯಲ್ಲಿ ಬೆರೆತ ಮೇಲೆ ಅದರ ವಿಶೇಷ ಗುಣಕ್ಕೆ ಅರ್ಥವಿಲ್ಲ, ರೈತನಿಗೆ ಒಂದು ರೂಪಾಯಿ ಹೆಚ್ಚು ಸಿಗುವುದಿಲ್ಲ, ಮುಂದಿನ ವರ್ಷ ಅವನು ಅದನ್ನು ಬಿತ್ತುವುದೂ ಇಲ್ಲ. ಹೆಚ್ಚು ಓಲಿಕ್‌ನ ಕಾಯಿ ಕೊಳ್ಳುವ ಅಮೆರಿಕದ ಖರೀದಿದಾರರಿಗೂ ಈ ಬೆರಕೆ ದೊಡ್ಡ ತಲೆನೋವು. ಅವರು ಅದಕ್ಕಾಗಿ ಬೀಜ ಕೊಡುವುದರಿಂದ ಹಿಡಿದು ಗೋದಾಮಿನವರೆಗೆ ಬೇರೆಯಾಗಿಯೇ ಇಡುವ ವ್ಯವಸ್ಥೆ ಮಾಡಿಕೊಂಡರು.

ನಮ್ಮಲ್ಲಿ ಇದನ್ನು ಸಣ್ಣ ಮಟ್ಟದಲ್ಲಿ ಮಾಡಬಲ್ಲವರು ರೈತ ಉತ್ಪಾದಕ ಕಂಪನಿಗಳು ಮತ್ತು ಗಾಣದವರೇ. ಕಾಳನ್ನು ಒಡೆಯದೆ, ರಾಸಾಯನಿಕ ಬಳಸದೆ, ಅವಕೆಂಪು ಬೆಳಕು ಹಾಯಿಸಿ ಕ್ಷಣಮಾತ್ರದಲ್ಲಿ ಓಲಿಕ್ ಎಷ್ಟಿದೆ ಎಂದು ಹೇಳುವ ಯಂತ್ರಗಳು ತಳಿ ಸಂಶೋಧಕರ ಬಳಿ ಬಹಳ ಕಾಲದಿಂದ ಇವೆ. ಅಂಥದ್ದು ಒಂದು ಹೋಬಳಿಯ ಖರೀದಿ ಕೇಂದ್ರಕ್ಕೆ ಬಂದರೆ ಚೀಲ ಇಳಿಸುವಾಗಲೇ ಎರಡು ರಾಶಿ ಮಾಡಬಹುದು, ಎರಡು ಬೆಲೆ ಕೊಡಬಹುದು. ಗಾಣದವರು ಚೀಟಿಯ ಮೇಲೆ ಮೂರು ವಿವರ ಬರೆದರೆ ಸಾಕು: ಯಾವ ತಳಿ, ಯಾವ ಹಂಗಾಮು, ಹಿಂಡಿದ ದಿನ ಯಾವುದು. ಕೊಳ್ಳುವವರು ಅಂಗಡಿಯಲ್ಲಿ ನಿಂತು ಆ ಮೂರನ್ನು ಕೇಳಲು ಶುರು ಮಾಡಿದರೆ ಗಾಣದವರು ಮಂಡಿಯಲ್ಲಿ ಕೇಳುತ್ತಾರೆ, ಮಂಡಿಯವರು ರೈತನನ್ನು ಕೇಳುತ್ತಾರೆ. ಬಿತ್ತನೆ ಬೀಜ ಕೊಳ್ಳಲು ಮೇ ತಿಂಗಳಲ್ಲಿ ರೈತ ಸಂಪರ್ಕ ಕೇಂದ್ರದ ಮುಂದೆ ಸಾಲು ನಿಲ್ಲುವಾಗ ಅವನಿಗೂ ಇಳುವರಿಯ ಜೊತೆ ಇನ್ನೊಂದು ಪ್ರಶ್ನೆ ಕೇಳಲು ಕಾರಣ ಸಿಗುತ್ತದೆ.